ನಮ್ಮ ಬಿಸಿಲಿಗೆ ಲೆಕ್ಕ ಕೇಳೋಣ: ವೋಟಿಗೆ ಬಂದವರ ಮುಂದೆ ಇಡಬೇಕಾದ ಪ್ರಶ್ನೆಗಳು

2024ರ ಮೇ 7ರಂದು ಬೀದರ್ ಲೋಕಸಭಾ ಕ್ಷೇತ್ರದಲ್ಲಿ ನಾವು ವೋಟು ಹಾಕಿದೆವು. ಆ ಚುನಾವಣೆಯಲ್ಲಿ ಒಂದು ವಿಶೇಷ ಇತ್ತು. ಅದನ್ನು ನಾವು ಯಾರೂ ಅಷ್ಟಾಗಿ ಗಮನಿಸಲಿಲ್ಲ.

ಒಂದು ಕಡೆ ನಿಂತವರು ಭಗವಂತ ಖೂಬಾ. ಔರಾದ್‌ನವರು, ಎರಡು ಸಲ ಗೆದ್ದ ಸಂಸದ. 2021ರ ಜುಲೈನಿಂದ ಕೇಂದ್ರ ಸರ್ಕಾರದಲ್ಲಿ ನವೀಕರಿಸಬಹುದಾದ ಇಂಧನ ಖಾತೆಯ ರಾಜ್ಯ ಸಚಿವರಾಗಿದ್ದವರು. ಅಂದರೆ ಇಡೀ ದೇಶದ ಸೋಲಾರ್, ಗಾಳಿ ವಿದ್ಯುತ್ತಿನ ಕಡತ ನೋಡುತ್ತಿದ್ದವರು. ಇನ್ನೊಂದು ಕಡೆ ನಿಂತವರು 26 ವರ್ಷದ ಸಾಗರ್ ಖಂಡ್ರೆ. ಅವರ ತಂದೆ, ಭಾಲ್ಕಿ ಶಾಸಕ ಈಶ್ವರ ಖಂಡ್ರೆ, ರಾಜ್ಯದ ಅರಣ್ಯ ಮತ್ತು ಪರಿಸರ ಸಚಿವರು.

ದೇಶದ ಹಸಿರು ವಿದ್ಯುತ್ತಿನ ಖಾತೆ ಒಂದು ಕಡೆ, ರಾಜ್ಯದ ಪರಿಸರ ಖಾತೆ ಇನ್ನೊಂದು ಕಡೆ. ಹವಾಮಾನ ಬದಲಾವಣೆ ಬಗ್ಗೆ, ಕರೆಂಟಿನ ಬಗ್ಗೆ ಚರ್ಚೆ ಮಾಡಲು ಇದಕ್ಕಿಂತ ಒಳ್ಳೆಯ ಕಣ ದೇಶದಲ್ಲಿ ಬೇರೆಲ್ಲಿ ಸಿಗುತ್ತಿತ್ತು? ಆದರೆ ಹಳ್ಳಿ ಕಟ್ಟೆಗಳಲ್ಲಿ ನಡೆದ ಮಾತು ಬೇರೆ. ಮೋದಿ ಗ್ಯಾರಂಟಿ, ಕಾಂಗ್ರೆಸ್ ಗ್ಯಾರಂಟಿ, ಜಾತಿ ಲೆಕ್ಕ, ಯಾರು ಯಾರ ಕಡೆ ಹೋದರು ಎಂಬ ಸುದ್ದಿ. ಸಾಗರ್ ಖಂಡ್ರೆ 1.28 ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಪಟಾಕಿ ಹೊಡೆದು ಮುಗಿಯಿತು. ನಮ್ಮ ಮೋಟಾರಿಗೆ ಕರೆಂಟ್ ಮಾತ್ರ ಹಿಂದಿನಂತೆಯೇ ರಾತ್ರಿ ಬರುತ್ತಿದೆ.

ತಪ್ಪು ಅಭ್ಯರ್ಥಿಗಳದ್ದು ಮಾತ್ರ ಅಲ್ಲ. ಕೇಳುವವರಿಲ್ಲದಿದ್ದರೆ ಹೇಳುವವರು ಯಾಕೆ ಹೇಳುತ್ತಾರೆ? ಮುಂದೆ ಪಂಚಾಯಿತಿ ಚುನಾವಣೆ ಬರಲಿ, 2028ರ ವಿಧಾನಸಭೆ ಬರಲಿ, ಈ ಸಲ ನಾವು ಕೇಳಬೇಕು. ಏನು ಕೇಳಬೇಕು, ಯಾಕೆ ಕೇಳಬೇಕು ಎಂಬುದೇ ಈ ಬರಹ.

ಸ್ವಾವಲಂಬನೆ ಯಾರದು?

2021ರ ಆಗಸ್ಟ್ 15ರ ಕೆಂಪುಕೋಟೆ ಭಾಷಣದಲ್ಲಿ ಪ್ರಧಾನಿ ಒಂದು ಗುರಿ ಹೇಳಿದರು. ಸ್ವಾತಂತ್ರ್ಯಕ್ಕೆ ನೂರು ವರ್ಷ ತುಂಬುವ 2047ರೊಳಗೆ ಭಾರತ ಇಂಧನದಲ್ಲಿ ಸ್ವಾವಲಂಬಿ ಆಗಬೇಕು ಎಂದು. ಅದೇ ವರ್ಷ ನವೆಂಬರ್‌ನಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ 2030ರ ಹೊತ್ತಿಗೆ 500 ಗಿಗಾವ್ಯಾಟ್ ಕಲ್ಲಿದ್ದಲು-ಎಣ್ಣೆ ಇಲ್ಲದ ವಿದ್ಯುತ್ ಸಾಮರ್ಥ್ಯ, 2070ಕ್ಕೆ ನಿವ್ವಳ ಶೂನ್ಯ ಮಾಲಿನ್ಯ ಎಂದು ಭಾರತ ಮಾತು ಕೊಟ್ಟಿತು. 2024ರ ಬಿಜೆಪಿ ಪ್ರಣಾಳಿಕೆಯಲ್ಲಿ ಈ 2047ರ ಮಾತು ಇತ್ತು. ಕಾಂಗ್ರೆಸ್ ಪ್ರಣಾಳಿಕೆಯಲ್ಲೂ ಹಸಿರು ಹೂಡಿಕೆ, ಹಸಿರು ಉದ್ಯೋಗದ ಮಾತು ಇತ್ತು.

ಈ ಗುರಿ ಬೇಕಾದದ್ದೇ. ನಮ್ಮ ದೇಶ ಬಳಸುವ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಭಾಗ ಹೊರಗಿನಿಂದ ಬರುತ್ತದೆ. ಎಲ್ಲೋ ಯುದ್ಧ ಆದರೆ ಭಾಲ್ಕಿಯ ಬಂಕಿನಲ್ಲಿ ಡೀಸೆಲ್ ದರ ಏರುತ್ತದೆ, ಟ್ರ್ಯಾಕ್ಟರ್ ಬಾಡಿಗೆ ಏರುತ್ತದೆ. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಒಂದೂ ಇಲ್ಲ. ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಸುಡುತ್ತಿರುವ ಕಲ್ಲಿದ್ದಲು ರೈಲಿನಲ್ಲಿ ಹೊರರಾಜ್ಯದಿಂದ ಬಂದದ್ದು.

ಹಾಗಾಗಿ ದೇಶಕ್ಕೆ ಸ್ವಾವಲಂಬನೆ ಬೇಕು, ಒಪ್ಪೋಣ. ಆದರೆ ದೇಶ ಸ್ವಾವಲಂಬಿ ಆದ ಮಾತ್ರಕ್ಕೆ ಊರು ಸ್ವಾವಲಂಬಿ ಆಗುವುದಿಲ್ಲ. ದೆಹಲಿಯ ಲೆಕ್ಕದಲ್ಲಿ 2025ರ ಮಧ್ಯಕ್ಕೇ ದೇಶದ ಒಟ್ಟು ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧ ಕಲ್ಲಿದ್ದಲು-ಎಣ್ಣೆ ಇಲ್ಲದ್ದಾಯಿತು. ಅದು ಸಾಮರ್ಥ್ಯದ ಲೆಕ್ಕ. ನಿಜವಾಗಿ ತಯಾರಾಗುವ ಕರೆಂಟಿನಲ್ಲಿ ಈಗಲೂ ದೊಡ್ಡ ಪಾಲು ಕಲ್ಲಿದ್ದಲಿನದೇ. ನಮ್ಮ ಲೆಕ್ಕ ಇನ್ನೂ ಸರಳ: ಊರಿನ ಟಿಸಿ ಸುಟ್ಟರೆ ಎಷ್ಟು ದಿನಕ್ಕೆ ಬದಲಾಗುತ್ತದೆ? ತ್ರೀ ಫೇಸ್ ಹಗಲು ಬರುತ್ತದೋ ರಾತ್ರಿ ಬರುತ್ತದೋ? ಒಬ್ಬ ಅಭ್ಯರ್ಥಿಯ ಇಂಧನ ಯೋಜನೆಯನ್ನು ಅಳೆಯಬೇಕಾದದ್ದು ಇಲ್ಲಿಂದ.

ಹವಾಮಾನ ನಮ್ಮ ಹೊಲಕ್ಕೇ ಬಂದಿದೆ

"ಹವಾಮಾನ ಬದಲಾವಣೆ ಅಂದ್ರೆ ದೊಡ್ಡ ದೇಶಗಳ ಮಾತು, ನಮಗ್ಯಾಕೆ?" ಎನ್ನುವವರಿದ್ದಾರೆ. ಆ ಮಾತಿನಲ್ಲಿ ಅರ್ಧ ಸತ್ಯ ಇದೆ. ತಲೆ ಲೆಕ್ಕದಲ್ಲಿ ನೋಡಿದರೆ ಒಬ್ಬ ಭಾರತೀಯ ಗಾಳಿಗೆ ಬಿಡುವ ಇಂಗಾಲ ಜಗತ್ತಿನ ಸರಾಸರಿಯ ಅರ್ಧದಷ್ಟೂ ಇಲ್ಲ. ಔರಾದ್ ತಾಲೂಕಿನ ಒಬ್ಬ ಕೂಲಿಕಾರನ ಪಾಲು ಅದಕ್ಕಿಂತಲೂ ಕಡಿಮೆ. ಗಾಳಿ ಕೆಡಿಸಿದವರು ನಾವಲ್ಲ.

ಆದರೆ ಹೊಡೆತ ಬೀಳುತ್ತಿರುವುದು ನಮಗೆ. ಮಾಂಜ್ರಾ ನದಿಯನ್ನೇ ನೋಡಿ. 2016ರಲ್ಲಿ ಇದೇ ನದಿಯ ಮೇಲಿನ ಅಣೆಕಟ್ಟು ಬತ್ತಿ, ನಮ್ಮ ಪಕ್ಕದ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ಭಾಲ್ಕಿ, ಔರಾದ್ ಜನರಿಗೆ ಲಾತೂರು ದೂರದ ಊರಲ್ಲ. ಬೀಗರ ಊರು, ಸಂತೆ ಊರು. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಘೋಷಿಸಿದರು. ಆ ವರ್ಷ ಅಕ್ಟೋಬರ್‌ನಲ್ಲಿ ಪಂಪ್‌ಸೆಟ್ ಕರೆಂಟ್ ಏಳು ತಾಸಿನಿಂದ ಐದು ತಾಸಿಗೆ ಇಳಿಯಿತು. ಮಳೆ ಇಲ್ಲದ್ದರಿಂದ ಜಲಾಶಯದಲ್ಲಿ ನೀರು ಇಲ್ಲ, ನೀರಿಲ್ಲದ್ದರಿಂದ ಜಲವಿದ್ಯುತ್ ಇಲ್ಲ, ಬೆಳೆ ಒಣಗಿದ್ದರಿಂದ ಎಲ್ಲರ ಮೋಟಾರೂ ಒಟ್ಟಿಗೆ ಶುರು. ಬರ ಬಂದ ವರ್ಷವೇ ಕರೆಂಟಿನ ಕೊರತೆಯೂ ಬರುತ್ತದೆ. ಎರಡೂ ಒಂದೇ ಸಮಸ್ಯೆಯ ಎರಡು ಮುಖ.

ಆಮೇಲೆ 2025. ಆಗಸ್ಟ್‌ನಲ್ಲಿ ಹೆಸರು, ಉದ್ದು ರಾಶಿಗೆ ಬಂದ ಹೊತ್ತಿಗೆ ಮಳೆ ಹಿಡಿಯಿತು. ಸೆಪ್ಟೆಂಬರ್‌ನಲ್ಲೂ ಬಿಡಲಿಲ್ಲ. ಒಂದು ಕಾಲಕ್ಕೆ ಬತ್ತಿದ್ದ ಮಾಂಜ್ರಾ ದಂಡೆ ಮೀರಿ ಹರಿಯಿತು. ಸೋಯಾ, ತೊಗರಿ ನೀರಲ್ಲಿ ನಿಂತವು. ಮುಖ್ಯಮಂತ್ರಿ ಸೆಪ್ಟೆಂಬರ್ 30ರಂದು ವೈಮಾನಿಕ ಸಮೀಕ್ಷೆ ಮಾಡಿ, ಕೇಂದ್ರದ ನಿಯಮದ ಪರಿಹಾರದ ಮೇಲೆ ಹೆಕ್ಟೇರಿಗೆ 8,500 ರೂಪಾಯಿ ಹೆಚ್ಚುವರಿ ಎಂದರು. ಖುಷ್ಕಿ ಜಮೀನಿಗೆ ಒಟ್ಟು ಹೆಕ್ಟೇರಿಗೆ 17,000. ಎಕರೆಗೆ ಲೆಕ್ಕ ಹಾಕಿದರೆ ಸುಮಾರು 6,900 ರೂಪಾಯಿ. ಬೀಜ, ಗೊಬ್ಬರ, ಔಷಧ, ಕೂಲಿ ಸೇರಿಸಿ ಎಕರೆಗೆ ನೀವು ಹಾಕಿದ್ದೆಷ್ಟು? ಆ ಲೆಕ್ಕ ನಿಮಗೇ ಗೊತ್ತು.

ಹಾಗಾಗಿ ಹವಾಮಾನ ಯೋಜನೆ ಎಂದರೆ ಗಿಡ ನೆಟ್ಟು ಫೋಟೋ ತೆಗೆಸಿಕೊಳ್ಳುವುದಲ್ಲ. ಒಂದು ವರ್ಷ ಬರ, ಇನ್ನೊಂದು ವರ್ಷ ಪ್ರವಾಹ ಬಂದರೂ ರೈತನ ಮನೆ ನಿಲ್ಲಬೇಕು. ಅದಕ್ಕೆ ನಿಮ್ಮ ಹತ್ತಿರ ಏನಿದೆ ಎಂದು ಅಭ್ಯರ್ಥಿಯನ್ನು ಕೇಳಬೇಕು.

2,500 ಮೆಗಾವ್ಯಾಟ್ ಎಂದರೆ ಎಷ್ಟು?

ಬೀದರ್ ಜಿಲ್ಲೆಯಲ್ಲಿ 2,500 ಮೆಗಾವ್ಯಾಟ್ ಸೋಲಾರ್ ಯೋಜನೆಯ ಸುದ್ದಿ ಕೆಲವು ವರ್ಷಗಳಿಂದ ಕೇಳುತ್ತಿದ್ದೇವೆ. ಕೇಂದ್ರದ ಪಟ್ಟಿಯಲ್ಲಿ ಬೀದರ್ ಸೋಲಾರ್ ವಲಯ ಇದೆ. ಅದರ ಕರೆಂಟ್ ಸಾಗಿಸಲು ಬೀದರ್‌ನಲ್ಲಿ ದೊಡ್ಡ ಸಬ್‌ಸ್ಟೇಷನ್ ಕಟ್ಟಿ, ಅಲ್ಲಿಂದ ಹೈದರಾಬಾದ್ ಹತ್ತಿರದ ಮಹೇಶ್ವರಂಗೆ 765 ಕೆವಿ ಲೈನ್ ಎಳೆಯುವ ಯೋಜನೆಯೂ ಇದೆ.

2,500 ಮೆಗಾವ್ಯಾಟ್ ಎಂದರೆ ನಮ್ಮ ಭಾಷೆಯಲ್ಲಿ ಏನು? ಒಂದು ಮೆಗಾವ್ಯಾಟ್ ಸೋಲಾರ್‌ಗೆ ನಾಲ್ಕೈದು ಎಕರೆ ಜಾಗ ಬೇಕು. ಹಾಗಾದರೆ 2,500ಕ್ಕೆ ಹತ್ತು ಸಾವಿರದಿಂದ ಹನ್ನೆರಡೂವರೆ ಸಾವಿರ ಎಕರೆ. ನಮ್ಮ ಬಿಸಿಲಿನಲ್ಲಿ ಒಂದು ಮೆಗಾವ್ಯಾಟ್ ವರ್ಷಕ್ಕೆ ಸುಮಾರು 15 ಲಕ್ಷ ಯೂನಿಟ್ ಕೊಡುತ್ತದೆ. ಒಟ್ಟು ವರ್ಷಕ್ಕೆ 375 ಕೋಟಿ ಯೂನಿಟ್. ತಿಂಗಳಿಗೆ 200 ಯೂನಿಟ್ ಪೂರ್ತಿ ಬಳಸುವ 15 ಲಕ್ಷ ಮನೆಗಳಿಗೆ ಸಾಕಾಗುವಷ್ಟು. 2011ರ ಜನಗಣತಿ ಪ್ರಕಾರ ಇಡೀ ಬೀದರ್ ಜಿಲ್ಲೆಯ ಜನಸಂಖ್ಯೆಯೇ 17 ಲಕ್ಷ. ಮನೆಗಳ ಲೆಕ್ಕ ತೆಗೆದರೆ ಅದರ ನಾಲ್ಕೈದನೇ ಒಂದು ಭಾಗ.

ಅಂದರೆ ಈ ಕರೆಂಟ್ ನಮಗಲ್ಲ. ಅದು ದೊಡ್ಡ ಲೈನಿನಲ್ಲಿ ಹೊರಗೆ ಹೋಗುತ್ತದೆ. ಹೋಗಬಾರದು ಎಂದು ನಾನು ಹೇಳುತ್ತಿಲ್ಲ. ನಾವು ತೊಗರಿ ಬೆಳೆದು ಹೊರಗೆ ಕಳಿಸುವುದಿಲ್ಲವೇ? ಬಿಸಿಲೂ ಒಂದು ಬೆಳೆ ಎಂದುಕೊಳ್ಳೋಣ. ಆದರೆ ತೊಗರಿಗೆ ಕ್ವಿಂಟಲ್‌ಗೆ ಇಷ್ಟು ಎಂದು ದರ ಕೇಳುವ ನಾವು ಬಿಸಿಲಿಗೆ ದರ ಕೇಳಿದ್ದೇವೆಯೇ?

ಜಮೀನು ಕೊಡುವ ಮೊದಲು ಪಾವಗಡದ ಕಡೆ ನೋಡಬೇಕು. ತುಮಕೂರು ಜಿಲ್ಲೆಯ ಪಾವಗಡ ತಾಲೂಕಿನ ತಿರುಮಣಿ, ವಳ್ಳೂರು ಸುತ್ತ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. 2018ರಲ್ಲಿ ಉದ್ಘಾಟನೆ ಆಯಿತು, 2019ರ ಕೊನೆಗೆ ಪೂರ್ತಿ ಆಯಿತು. ಅಲ್ಲಿ ಮಾಡಿದ ಒಂದು ಕೆಲಸ ಒಳ್ಳೆಯದು: ಜಮೀನು ಖರೀದಿ ಮಾಡಲಿಲ್ಲ, ಭೂಸ್ವಾಧೀನ ಮಾಡಲಿಲ್ಲ, ರೈತರಿಂದ ಗುತ್ತಿಗೆಗೆ ಪಡೆದರು. ಪಹಣಿ ರೈತನ ಹೆಸರಲ್ಲೇ ಉಳಿಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಏರಿಕೆ. ವರ್ಷ ವರ್ಷ ಬರ ಕಂಡ ಊರಿಗೆ ಅದು ದೊಡ್ಡ ಆಸರೆಯೇ.

ಆದರೆ ಸಣ್ಣ ಅಕ್ಷರದಲ್ಲಿರುವುದನ್ನು ಓದೋಣ. ಎರಡು ವರ್ಷಕ್ಕೆ ಐದು ಎಂದರೆ ವರ್ಷಕ್ಕೆ ಎರಡೂವರೆ. ಹತ್ತು ವರ್ಷ ಆದ ಮೇಲೆ 21,000 ಇದ್ದದ್ದು ಸುಮಾರು 26,800 ಆಗುತ್ತದೆ. ಅದೇ ಹತ್ತು ವರ್ಷದಲ್ಲಿ ಸಾಮಾನಿನ ಬೆಲೆ ವರ್ಷಕ್ಕೆ ಐದರಂತೆ ಏರಿದರೆ, ಮೊದಲಿನ 21,000ದಷ್ಟು ಸಾಮಾನು ತರಲು 34,000ಕ್ಕಿಂತ ಹೆಚ್ಚು ಬೇಕು. ಕಾಗದದ ಮೇಲೆ ಬಾಡಿಗೆ ಏರುತ್ತದೆ, ಕಿರಾಣಿ ಅಂಗಡಿಯಲ್ಲಿ ಅದು ಇಳಿಯುತ್ತದೆ. ಇಪ್ಪತ್ತೈದು ವರ್ಷಕ್ಕೂ ಮೀರಿದ ಗುತ್ತಿಗೆಗೆ ಸಹಿ ಹಾಕುವಾಗ ಈ ಲೆಕ್ಕ ಮಕ್ಕಳ ಕೈಯಲ್ಲಿ ಮೊಬೈಲ್‌ನಲ್ಲಿ ಮಾಡಿಸಿ ನೋಡಬೇಕು. ಏರಿಕೆ ಬೆಲೆಯೇರಿಕೆ ದರಕ್ಕೆ ಕಟ್ಟಿರಬೇಕು ಎಂದು ಮೊದಲೇ ಕೇಳಬೇಕು.

ಜಮೀನಿಲ್ಲದವರ ಪಾಲು

ಪಾವಗಡದ ಎರಡನೇ ಪಾಠ ಇನ್ನೂ ಕಹಿ. ಜಮೀನಿದ್ದವನಿಗೆ ಬಾಡಿಗೆ ಬಂತು. ಆ ಜಮೀನಿನಲ್ಲಿ ಕಳೆ ತೆಗೆಯುತ್ತಿದ್ದ, ರಾಶಿ ಮಾಡುತ್ತಿದ್ದ, ಕುರಿ ಮೇಯಿಸುತ್ತಿದ್ದವರಿಗೆ? ಸೋಲಾರ್ ಪಾರ್ಕ್ ಕಟ್ಟುವಾಗ ಕೆಲಸ ಇರುತ್ತದೆ. ಕಟ್ಟಿ ಮುಗಿದ ಮೇಲೆ ಪ್ಯಾನೆಲ್ ತೊಳೆಯುವುದು, ಹುಲ್ಲು ಕೊಯ್ಯುವುದು, ಕಾವಲು ಕಾಯುವುದು, ಇಷ್ಟೇ. ಸಾವಿರ ಎಕರೆ ಹೊಲಕ್ಕೆ ಬೇಕಾಗುವ ಕೈಗಳೆಷ್ಟು, ಸಾವಿರ ಎಕರೆ ಪ್ಯಾನೆಲ್‌ಗೆ ಬೇಕಾಗುವ ಕೈಗಳೆಷ್ಟು, ನೀವೇ ಯೋಚಿಸಿ.

ಔರಾದ್, ಕಮಲನಗರ ಕಡೆಯ ತಾಂಡಾಗಳಿಂದ, ಹಳ್ಳಿಗಳಿಂದ ಜನ ಮೊದಲೇ ಹೈದರಾಬಾದ್, ಪುಣೆ, ಮುಂಬೈಗೆ ದುಡಿಯಲು ಹೋಗುತ್ತಾರೆ. ಊರಲ್ಲಿ ಉಳಿದ ಕೂಲಿಯೂ ಹೋದರೆ ಹಸಿರು ಕರೆಂಟಿನ ಜೊತೆ ಇನ್ನಷ್ಟು ಜನ ಬಸ್ ಹತ್ತುತ್ತಾರೆ. ಹಾಗಾಗಿ ಗುತ್ತಿಗೆ ಪತ್ರದಲ್ಲಿ ಜಮೀನುದಾರನ ಹೆಸರು ಮಾತ್ರ ಸಾಲದು. ಅದೇ ಊರಿನ ಭೂರಹಿತರಿಗೆ ಇಷ್ಟು ಕೆಲಸ, ಹುಡುಗ-ಹುಡುಗಿಯರಿಗೆ ಇಂತಹ ತರಬೇತಿ, ಪ್ಯಾನೆಲ್ ಕೆಳಗೆ ಕುರಿ ಮೇಯಿಸಲು ಅವಕಾಶ ಎಂದು ಬರಹದಲ್ಲಿ ಇರಬೇಕು.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಸೋಲಾರ್ ಪ್ಯಾನೆಲ್ ಯೋಜನೆಗಳಿಗೆ ಕೇಂದ್ರದ ಪರಿಸರ ಅನುಮತಿ ಬೇಕಿಲ್ಲ, ಅದಕ್ಕೆ ಸಂಬಂಧಿಸಿದ ಸಾರ್ವಜನಿಕ ವಿಚಾರಣೆಯೂ ಇಲ್ಲ. ಗುತ್ತಿಗೆ ದಾರಿ ಹಿಡಿದರೆ 2013ರ ಭೂಸ್ವಾಧೀನ ಕಾಯ್ದೆ ಹೇಳುವ ಸಾಮಾಜಿಕ ಪರಿಣಾಮದ ಅಧ್ಯಯನವೂ ಬೇಕಾಗುವುದಿಲ್ಲ. ಕಾನೂನು ಕೇಳುವುದಿಲ್ಲ ಎಂದ ಮೇಲೆ ಊರೇ ಕೇಳಬೇಕು. ಗ್ರಾಮಸಭೆಯಲ್ಲಿ ಚರ್ಚೆ ಆಗದೆ ಒಂದು ಎಕರೆಯೂ ಹೋಗಬಾರದು. ಬೀಳು ಎಂದು ಕಡತದಲ್ಲಿ ಬರೆದ ನೆಲ ನಿಜವಾಗಿ ಬೀಳಲ್ಲ. ಅದು ದನದ ಗೋಮಾಳ, ಕುರಿಗಾಹಿಯ ಹುಲ್ಲು, ನಮ್ಮ ಜಿಲ್ಲೆಯ ಕೃಷ್ಣಮೃಗಗಳ ಮನೆ.

ನೆಲ ಕೊಟ್ಟ ಮೇಲೆ ಏನಾಗುತ್ತದೆ ಎಂಬುದಕ್ಕೆ ನಾವು ಪಾವಗಡದ ತನಕ ಹೋಗಬೇಕಾಗಿಲ್ಲ. ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿ ಹತ್ತಿರ ಕಾರಂಜಾ ಜಲಾಶಯ ಇದೆ. 1970ರ ದಶಕದಲ್ಲಿ ಶುರುವಾದ ಯೋಜನೆ. ನೆಲ ಕಳೆದುಕೊಂಡವರು ನ್ಯಾಯವಾದ ಪರಿಹಾರಕ್ಕಾಗಿ ಅರ್ಧ ಶತಮಾನ ಆದ ಮೇಲೂ ಬೀದರ್‌ನಲ್ಲಿ ಧರಣಿ ಕೂತರು, ಅದೂ ವರ್ಷಗಟ್ಟಲೆ. ನೀರು ಬೇಡ ಎಂದವರಲ್ಲ ಅವರು. ನೀರು ಎಲ್ಲರಿಗೆ, ಮುಳುಗಡೆ ನಮಗೆ ಮಾತ್ರ ಏಕೆ ಎಂದು ಕೇಳಿದವರು. ಸೋಲಾರ್‌ನಲ್ಲಿ ಇನ್ನೊಂದು ಕಾರಂಜಾ ಆಗಬಾರದು.

ಸಣ್ಣದು, ಆದರೆ ನಮ್ಮದು

ಹಾಗಾದರೆ ಸೋಲಾರ್ ಬೇಡವೇ? ಬೇಕು. ಬೇಕೇ ಬೇಕು. ಆದರೆ ದೊಡ್ಡದರ ಜೊತೆ, ಅದಕ್ಕಿಂತ ಮೊದಲು, ಊರಿನ ಸಬ್‌ಸ್ಟೇಷನ್ ಹತ್ತಿರದ ಸಣ್ಣ ಸೋಲಾರ್ ಬೇಕು.

ಒಂದು ಲೆಕ್ಕ ಮಾಡೋಣ. 5 ಎಚ್‌ಪಿ ಮೋಟಾರ್ ಎಂದರೆ ಸುಮಾರು 3.7 ಕಿಲೋವ್ಯಾಟ್. ಒಂದು ಮೆಗಾವ್ಯಾಟ್ ಎಂದರೆ 1,000 ಕಿಲೋವ್ಯಾಟ್. ಬಿಸಿಲು ಪೂರ್ತಿ ಇದ್ದಾಗ 260ಕ್ಕೂ ಹೆಚ್ಚು ಮೋಟಾರ್ ಒಟ್ಟಿಗೆ ನಡೆಯಬಹುದು. ಮೋಡ, ಲೈನ್ ನಷ್ಟ, ಬೆಳಿಗ್ಗೆ-ಸಂಜೆಯ ಕಡಿಮೆ ಬಿಸಿಲು ಎಲ್ಲ ತೆಗೆದು ನೂರೈವತ್ತು ಎಂದುಕೊಳ್ಳಿ. ನಾಲ್ಕೈದು ಎಕರೆ ಜಾಗದಲ್ಲಿ ನೂರೈವತ್ತು ರೈತರಿಗೆ ಹಗಲು ಹೊತ್ತಿನ ಕರೆಂಟ್! ರಾತ್ರಿ ಹನ್ನೆರಡಕ್ಕೆ ಟಾರ್ಚ್ ಹಿಡಿದು, ಹಾವು-ಚೇಳಿಗೆ ಹೆದರುತ್ತ ನೀರು ಕಟ್ಟಲು ಹೋಗುವುದು ತಪ್ಪುತ್ತದೆ.

ಇದು ಕನಸಲ್ಲ. 2019ರಲ್ಲಿ ಶುರುವಾದ ಕೇಂದ್ರದ ಕುಸುಮ್ ಯೋಜನೆಯಲ್ಲಿ ಇದಕ್ಕೆಂದೇ ಒಂದು ಭಾಗ ಇದೆ. ಕುಸುಮ್-ಸಿ ಎನ್ನುತ್ತಾರೆ. ಕೃಷಿ ಫೀಡರ್‌ಗೆ ಸೋಲಾರ್ ಜೋಡಿಸುವುದು. 2025ರ ಜೂನ್‌ನಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲೂಕಿನಲ್ಲಿ ಇಂತಹ 20 ಮೆಗಾವ್ಯಾಟ್ ಘಟಕವನ್ನು ಮುಖ್ಯಮಂತ್ರಿ ಉದ್ಘಾಟಿಸಿದರು. ಗೌರಿಬಿದನೂರಿಗಿಂತ ಬೀದರ್‌ನ ಬಿಸಿಲು ಕಡಿಮೆಯೇ?

ಕುಸುಮ್-ಬಿ ಕೂಡ ಇದೆ. ಲೈನಿನಿಂದ 500 ಮೀಟರ್‌ಗಿಂತ ದೂರ ಇರುವ ಬೋರ್‌ವೆಲ್‌ಗೆ ಪ್ರತ್ಯೇಕ ಸೋಲಾರ್ ಪಂಪ್. ಕೇಂದ್ರ ನೂರಕ್ಕೆ 30, ರಾಜ್ಯ 50, ರೈತ 20 ಕೊಡಬೇಕು. ಕೇಂದ್ರದ ಹಣ, ರಾಜ್ಯದ ಹಣ ಎರಡೂ ಇರುವ ಯೋಜನೆ. ಹಾಗಾಗಿ ಬಿಜೆಪಿಯವರೂ ನಮ್ಮದು ಎನ್ನುತ್ತಾರೆ, ಕಾಂಗ್ರೆಸ್‌ನವರೂ ನಮ್ಮದು ಎನ್ನುತ್ತಾರೆ. ಒಳ್ಳೆಯದೇ ಆಯಿತು. ಇಬ್ಬರದೂ ಆದರೆ ಇಬ್ಬರನ್ನೂ ಕೇಳೋಣ: "ಸಾಹೇಬ್ರೇ, ನಮ್ಮ ಪಂಚಾಯಿತಿಯಲ್ಲಿ ಎಷ್ಟು ಅರ್ಜಿ ಬಂದವು, ಎಷ್ಟು ಪಂಪ್ ಕೂತವು?"

ಸರ್ಕಾರಕ್ಕೂ ಇದರಲ್ಲಿ ಲಾಭ ಇದೆ. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್‌ಗಳ ಉಚಿತ ಕರೆಂಟಿಗೆ ರಾಜ್ಯ ವರ್ಷಕ್ಕೆ ಹತ್ತು ಸಾವಿರ ಕೋಟಿಗೂ ಹೆಚ್ಚು ಸಬ್ಸಿಡಿ ಕೊಡುತ್ತದೆ. ಆ ದುಡ್ಡು ಜೆಸ್ಕಾಂನಂತಹ ಕಂಪನಿಗಳಿಗೆ ತಡವಾಗಿ ಬಂದರೆ ಹೊಸ ಟಿಸಿ ತಡ, ಹೊಸ ತಂತಿ ತಡ. ಊರಲ್ಲೇ ತಯಾರಾಗಿ ಊರಲ್ಲೇ ಬಳಕೆಯಾಗುವ ಕರೆಂಟಿಗೆ ದೂರದ ಲೈನಿನ ನಷ್ಟ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಹಗಲು ಪೂರ್ತಿ ಪುಕ್ಕಟೆ ಕರೆಂಟ್ ಸಿಕ್ಕರೆ ಬೋರ್‌ವೆಲ್ ಬರಿದಾಗುತ್ತದೆ ಎಂಬ ಭಯ ಸುಳ್ಳಲ್ಲ. ಬಿಸಿಲು ಮುಗಿಯುವುದಿಲ್ಲ, ಅಂತರ್ಜಲ ಮುಗಿಯುತ್ತದೆ. ಅದಕ್ಕೇ ಸೋಲಾರ್ ಪಂಪ್ ಜೊತೆ ಹನಿ ನೀರಾವರಿ, ಕೃಷಿ ಹೊಂಡ, ಕೆರೆ ಹೂಳು ತೆಗೆಯುವ ಕೆಲಸ ಸೇರಿರಬೇಕು. ಬೀದರ್ ನಗರದ ನೌಬಾದ್‌ನಲ್ಲಿ 15ನೇ ಶತಮಾನದ ಬಹಮನಿ ಕಾಲದ ಸುರಂಗ ಬಾವಿ ಇದೆ, ಕರೇಜ್ ಎನ್ನುತ್ತಾರೆ. ನೆಲದೊಳಗಿನ ಇಳಿಜಾರಿನಲ್ಲೇ ನೀರು ಹರಿದು ಬರುವಂತೆ ಕಟ್ಟಿದ್ದು. ಒಂದು ಯೂನಿಟ್ ಕರೆಂಟ್ ಇಲ್ಲದೆ ಊರಿಗೆ ನೀರು ತಂದ ಜನ ನಮ್ಮ ಹಿಂದಿನವರು. ನಾವು ಕನಿಷ್ಠ ಕೆರೆಯ ಹೂಳಾದರೂ ತೆಗೆಯಬೇಡವೇ?

ಮಾಳಿಗೆ, ಕಬ್ಬು, ಸಗಣಿ

2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಂ ಸೂರ್ಯಘರ್ ಯೋಜನೆ ಶುರು ಮಾಡಿತು. ಒಂದು ಕೋಟಿ ಮನೆಗಳ ಮಾಳಿಗೆ ಮೇಲೆ ಸೋಲಾರ್. ಒಂದು ಕಿಲೋವ್ಯಾಟ್‌ಗೆ 30,000, ಎರಡಕ್ಕೆ 60,000, ಮೂರು ಮತ್ತು ಮೇಲಿನದಕ್ಕೆ 78,000 ರೂಪಾಯಿ ಸಹಾಯಧನ. ಇತ್ತ ರಾಜ್ಯದಲ್ಲಿ 2023ರಿಂದ ಗೃಹಜ್ಯೋತಿ ಇದೆ, 200 ಯೂನಿಟ್‌ವರೆಗೆ ಬಿಲ್ ಇಲ್ಲ.

ಎರಡೂ ಜನರಿಗೆ ಒಳ್ಳೆಯದೇ. ಆದರೆ ಒಂದಕ್ಕೊಂದು ಹೊಂದುವುದಿಲ್ಲ. ಬಿಲ್ಲೇ ಬರದ ಮನೆಯವರು ಕೈಯಿಂದ ಹಣ ಹಾಕಿ ಸೋಲಾರ್ ಯಾಕೆ ಕೂಡಿಸುತ್ತಾರೆ? ಹಾಗಾಗಿ ಹಳ್ಳಿಯ ಮಾಳಿಗೆ ಖಾಲಿ ಉಳಿಯುತ್ತದೆ. ಇದಕ್ಕೆ ದಾರಿ ಇದೆ. ಗೃಹಜ್ಯೋತಿಗೆ ಒಂದು ಮನೆಗೆ ರಾಜ್ಯ ಪ್ರತಿ ವರ್ಷ ಕೊಡುವ ಹಣದ ಕೆಲವು ವರ್ಷಗಳ ಪಾಲನ್ನು ಒಮ್ಮೆಗೇ ಸೋಲಾರ್‌ಗೆ ಹಾಕಿ, ಅದಕ್ಕೆ ಕೇಂದ್ರದ ಸಹಾಯಧನ ಸೇರಿಸಿದರೆ ಬಡವನ ಮನೆ ಮಾಳಿಗೆಯೂ ಕರೆಂಟ್ ತಯಾರಿಸುತ್ತದೆ. ಆಗ ಸರ್ಕಾರ ಬದಲಾದರೂ ಗ್ಯಾರಂಟಿ ನಿಲ್ಲುವುದಿಲ್ಲ. ಕೇಂದ್ರ-ರಾಜ್ಯ ಒಂದು ಮೇಜಿಗೆ ಕೂತರೆ ಆಗುವ ಕೆಲಸ ಇದು. ಕೂರಿಸುವುದು ಸಂಸದರ, ಶಾಸಕರ ಕೆಲಸ.

ಬೀದರ್ ನಗರದಿಂದಲೇ ಶುರು ಮಾಡಲಿ. ಜಿಲ್ಲಾ ಕಚೇರಿಗಳು, ಬ್ರಿಮ್ಸ್ ಆಸ್ಪತ್ರೆ, ಕಾಲೇಜುಗಳು, ಬಸ್ ನಿಲ್ದಾಣ ಎಲ್ಲದರ ಮಾಳಿಗೆಗೂ ಬಿಸಿಲು ಬೀಳುತ್ತದೆ. ನಗರದ ಮಾಳಿಗೆಗಳು ತುಂಬುವ ಮೊದಲೇ ಔರಾದ್‌ನ ಹೊಲಗಳನ್ನು ಕೇಳುವುದು ಯಾವ ನ್ಯಾಯ?

ಇನ್ನು ಕಬ್ಬು. ಪೆಟ್ರೋಲ್‌ನಲ್ಲಿ ನೂರಕ್ಕೆ 20 ಎಥನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲೇ ಮುಟ್ಟಿತು. ಇದೂ ಇಂಧನ ಸ್ವಾವಲಂಬನೆಯ ಹೆಸರಲ್ಲೇ. ಆದರೆ ಕಬ್ಬಿನ ಎಫ್‌ಆರ್‌ಪಿ ದರ ಲೆಕ್ಕ ಹಾಕುವುದು ಸಕ್ಕರೆ ಇಳುವರಿಯ ಮೇಲೆ. ಎಥನಾಲ್ ಲಾಭ ಆ ಲೆಕ್ಕದಲ್ಲಿ ಕಾಣುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಹಳ್ಳಿಖೇಡದ ಬಿಎಸ್‌ಎಸ್‌ಕೆ ಕಾರ್ಖಾನೆ ಬಾಗಿಲು ಮುಚ್ಚಿದ್ದನ್ನು ಕಂಡಿದ್ದೇವೆ. ಭಾಲ್ಕಿಯ ಮಹಾತ್ಮ ಗಾಂಧಿ ಕಾರ್ಖಾನೆ, ನಾರಂಜಾ ಕಾರ್ಖಾನೆ ಎರಡೂ ರೈತರ ಷೇರಿನ ಮೇಲೆ ನಿಂತವು. ಕಬ್ಬಿನಿಂದ ದೇಶದ ಎಣ್ಣೆ ಬಿಲ್ ಇಳಿಯುವುದಾದರೆ ಆ ಉಳಿತಾಯದಲ್ಲಿ ಬೆಳೆಗಾರನ ಪಾಲೆಷ್ಟು? ಕಬ್ಬು ಕುಡಿಯುವ ಕಾರಂಜಾ, ಮಾಂಜ್ರಾ ನೀರಿನ ಲೆಕ್ಕ ಇಡುವವರು ಯಾರು?

ಸಗಣಿಯ ಮಾತನ್ನು ಯಾವ ಅಭ್ಯರ್ಥಿಯೂ ಆಡುವುದಿಲ್ಲ. ದೇವಣಿ ತಳಿಯ ದನಗಳ ನಾಡು ನಮ್ಮದು. ಪಶು ವೈದ್ಯಕೀಯ ವಿಶ್ವವಿದ್ಯಾಲಯ ಇರುವುದೂ ಬೀದರ್‌ನ ನಂದಿನಗರದಲ್ಲೇ. ಎರಡು-ಮೂರು ದನ ಇರುವ ಮನೆಗೆ ಗೋಬರ್ ಗ್ಯಾಸ್ ಇದ್ದರೆ ಸಿಲಿಂಡರ್ ಖರ್ಚು ಇಳಿಯುತ್ತದೆ, ಹೊಲಕ್ಕೆ ಗೊಬ್ಬರ ಸಿಗುತ್ತದೆ. ಹಳೆಯ ಗೋಬರ್ ಗ್ಯಾಸ್ ಗುಂಡಿಗಳು ಕೆಟ್ಟು ಬಿದ್ದದ್ದು ತಂತ್ರಜ್ಞಾನದ ತಪ್ಪಿನಿಂದಲ್ಲ, ರಿಪೇರಿ ಮಾಡುವವರು ಇಲ್ಲದ್ದರಿಂದ. ಸೋಲಾರ್‌ಗೂ ಅದೇ ಗತಿ ಬರಬಾರದೆಂದರೆ ಪ್ರತಿ ಪಂಚಾಯಿತಿಗೆ ರಿಪೇರಿ ಕಲಿತ ಇಬ್ಬರು ಸ್ಥಳೀಯ ಯುವಕ-ಯುವತಿಯರು ಬೇಕು. ಔರಾದ್‌ನ ಐಟಿಐ ಓದಿದ ಹುಡುಗ ಹೈದರಾಬಾದ್‌ಗೆ ಹೋಗದೆ ಊರಲ್ಲೇ ದುಡಿಯುವ ಕೆಲಸ ಇದು.

ಕೇಳಬೇಕಾದ ಏಳು ಪ್ರಶ್ನೆ

ಪಕ್ಷ ಯಾವುದೇ ಇರಲಿ, ಅಭ್ಯರ್ಥಿ ಯಾರೇ ಇರಲಿ, ಮನೆ ಬಾಗಿಲಿಗೆ ಬಂದಾಗ ಕೈ ಮುಗಿದು, ಕೂರಿಸಿ, ಚಹಾ ಕೊಟ್ಟು ಕೇಳಿ:

1. ನಮ್ಮ ಊರಿನ ಕೃಷಿ ಫೀಡರ್‌ಗೆ ಹಗಲು ಏಳು ತಾಸು ತ್ರೀ ಫೇಸ್ ಯಾವ ವರ್ಷದಿಂದ ಬರುತ್ತದೆ?

2. ನಮ್ಮ ಸಬ್‌ಸ್ಟೇಷನ್ ಹತ್ತಿರ ಕುಸುಮ್-ಸಿ ಘಟಕಕ್ಕೆ ಜಾಗ ಗುರುತಿಸಿದ್ದೀರಾ? ಎಷ್ಟು ಮೆಗಾವ್ಯಾಟ್?

3. ದೊಡ್ಡ ಸೋಲಾರ್ ಪಾರ್ಕ್ ಬಂದರೆ ಜಮೀನು ಖರೀದಿಯೋ, ಗುತ್ತಿಗೆಯೋ? ಬಾಡಿಗೆ ಏರಿಕೆ ಬೆಲೆಯೇರಿಕೆಗೆ ಸಮ ಇರುತ್ತದೆಯೇ? ಗುತ್ತಿಗೆ ಪತ್ರ ಕನ್ನಡದಲ್ಲಿ ಇರುತ್ತದೆಯೇ?

4. ಜಮೀನಿಲ್ಲದವರಿಗೆ ಏನು? ಬರಹದಲ್ಲಿ ಕೊಡುತ್ತೀರಾ?

5. ಇಲ್ಲಿ ತಯಾರಾದ ಪ್ರತಿ ಯೂನಿಟ್‌ಗೆ ಇಷ್ಟು ಪೈಸೆ ಎಂದು ಆ ಊರಿನ ಗ್ರಾಮ ಪಂಚಾಯಿತಿಗೆ ಪಾಲು ಕೊಡಿಸುತ್ತೀರಾ?

6. ಬರಕ್ಕೆ, ಅತಿವೃಷ್ಟಿಗೆ ಎರಡಕ್ಕೂ ನಿಮ್ಮ ಯೋಜನೆ ಏನು? ಪರಿಹಾರ ಬಿಟ್ಟು ಬೇರೆ ಏನಿದೆ?

7. ಇದಕ್ಕೆಲ್ಲ ಹಣ ಯಾವ ಖಾತೆಯಿಂದ ಬರುತ್ತದೆ?

ಐದನೇ ಪ್ರಶ್ನೆ ಬಗ್ಗೆ ಒಂದು ಮಾತು. 375 ಕೋಟಿ ಯೂನಿಟ್‌ಗೆ ಯೂನಿಟ್‌ಗೆ ಬರೀ ಐದು ಪೈಸೆ ಎಂದರೂ ವರ್ಷಕ್ಕೆ 18 ಕೋಟಿ ರೂಪಾಯಿ ಮೀರುತ್ತದೆ. ಅಷ್ಟರಲ್ಲಿ ಎಷ್ಟು ಶಾಲೆಯ ಮಾಳಿಗೆಗೆ ಸೋಲಾರ್, ಎಷ್ಟು ಕೆರೆಯ ಹೂಳು, ಎಷ್ಟು ಟಿಸಿ ಆಗಬಹುದು! ಗಣಿ ತೆಗೆದರೆ ರಾಜಧನ ಕೊಡುತ್ತಾರೆ, ಬಿಸಿಲು ತೆಗೆದರೆ ಯಾಕಿಲ್ಲ?

ಉತ್ತರದಲ್ಲಿ ವರ್ಷ, ಸಂಖ್ಯೆ, ಊರಿನ ಹೆಸರು ಇದ್ದರೆ ಅದು ಯೋಜನೆ. "ಮಾಡೋಣ, ನೋಡೋಣ, ನಾನಿದ್ದೇನಲ್ಲ" ಎಂದರೆ ಅದು ಭಾಷಣ. ಉತ್ತರವನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಮೊದಲೇ ಹೇಳಿ, ಅವರ ಎದುರಿಗೇ. ಊರಿನ ವಾಟ್ಸಾಪ್ ಗ್ರೂಪ್‌ಗೆ ಹಾಕಿ. ಐದು ವರ್ಷ ಆದ ಮೇಲೆ ಅದೇ ಗ್ರೂಪ್‌ನಲ್ಲಿ ತೆಗೆದು ಕೇಳಿಸಿ.

ಜಿಲ್ಲಾ ಪಂಚಾಯಿತಿ, ತಾಲೂಕು ಪಂಚಾಯಿತಿಗೆ 2016ರಲ್ಲಿ ಚುನಾವಣೆ ಆದದ್ದು. ಅವುಗಳ ಅವಧಿ ಮುಗಿದು ವರ್ಷಗಳೇ ಆದವು. ಅಧಿಕಾರಿಗಳ ಕೈಯಲ್ಲಿರುವ ಪಂಚಾಯಿತಿಯಲ್ಲಿ ಊರಿನ ಕರೆಂಟ್, ಊರಿನ ನೀರಿನ ಯೋಜನೆ ಯಾರು ಮಾಡುತ್ತಾರೆ? ಅದಕ್ಕೇ ದೊಡ್ಡ ಚುನಾವಣೆ ಬರುವವರೆಗೆ ಕಾಯಬೇಡಿ. ಮುಂದಿನ ಗ್ರಾಮಸಭೆಯ ಡಂಗುರ ಕೇಳಿದ ದಿನ ಹೋಗಿ, ಈ ಏಳರಲ್ಲಿ ಮೊದಲ ಎರಡು ಪ್ರಶ್ನೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಜೆಸ್ಕಾಂ ಶಾಖಾ ಕಚೇರಿಗೆ ಅದರ ಪ್ರತಿ ಕಳಿಸಿ, ಸ್ವೀಕೃತಿ ತೆಗೆದುಕೊಳ್ಳಿ. ಬಿಸಿಲು ನಮ್ಮದು. ಅದರ ಲೆಕ್ಕ ಕೇಳುವ ಹಕ್ಕೂ ನಮ್ಮದೇ.